ಅತ್ತೆ ಸುತ್ತಿದ ಗಾಜಿನ ನೂಲು

ಅವರೆಕಾಳು ಹಿದುಕುತ್ತಾ ಕೂತಿದ್ದೆ. ಧನುರ್ಮಾಸ. ನಸುಕಿನ ಪೂಜೆ, ಹುಗ್ಗಿ ನೈವೇದ್ಯ ಎಲ್ಲ ಮುಗಿದು ಹಿತ್ತಿಲ ಗೋಡೆಗೆ ಬಿಸಿಲು ತಾಗುವ ಹೊತ್ತು. ಕಾಯಿ ನನ್ನ ತವರೂರು ಸಾಸಲಿನಿಂದ ನಮ್ಮಣ್ಣ ಕಳಿಸಿದ್ದು. ಅದರ ಸೊಗಡು ಎಂಥದ್ದೆಂದರೆ, ಬೀದಿಯಲ್ಲಿ ಹೋಗುವವರೂ "ಏನಕ್ಕಾ, ಇವತ್ತು ಹಿದುಕಿದ ಬೇಳೆ ಸಾರಾ?" ಎಂದು ಕೇಳಿಕೊಂಡೇ ಹೋಗುತ್ತಿದ್ದರು. ನೆನೆದ ಕಾಳನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಪಚಕ್ಕನೆ ಪಾತ್ರೆಗೆ ಹಾರಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಒತ್ತು ಹೆಚ್ಚಾದರೆ ಬೇಳೆ ಜಜ್ಜಿಹೋಗುತ್ತದೆ, ಕಡಿಮೆಯಾದರೆ ಜಪ್ಪಯ್ಯ ಎಂದರೂ ಹೊರಗೆ ಬರುವುದಿಲ್ಲ.

ಆಗ ಫೋನು ಬಂತು. ಬೆಂಗಳೂರಿನ ಹಾಸ್ಟೆಲಿನಿಂದ ಮಗಳು. ಕೈ ಒದ್ದೆಯಿದ್ದದ್ದರಿಂದ ಬೆರಳ ಗೆಣ್ಣಿನಿಂದಲೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಮ್ಮಾ, ಮೇಡಂ ಸಹಿ ಹಾಕಲ್ಲ ಅಂದ್ಬಿಟ್ರು."

"ಯಾವುದಕ್ಕೇ?"

"ಇನ್ಯಾವುದಕ್ಕೆ? ಪ್ರಾಜೆಕ್ಟಿಗೆ. ಗೆರೆ ಸಪಾಟಾಗಿದೆ, ಇದ್ರಲ್ಲಿ ಏನಿದೆ ಅಂತ ಸಹಿ ಹಾಕ್ಲಿ ಅಂದ್ರು. ಸೋಮವಾರದೊಳಗೆ ಸರಿಯಾದ ಗೆರೆ ತಂದು ತೋರಿಸ್ಬೇಕಂತೆ."

ಅವಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೇ ವರ್ಷ. ಮುಂದೆ ಸಂಶೋಧನೆ ಮಾಡಲು ಒಂದು ಕಡೆ ಸೀಟು ಸಿಕ್ಕಿತ್ತು. ಆದರೆ ಈ ಪ್ರಾಜೆಕ್ಟು ಹೊತ್ತಿಗೆ ಸರಿಯಾಗಿ ಮುಗಿದರೆ ಮಾತ್ರ ಆ ಸೀಟು. ಮೇಡಂ ಸಹಿ ಇಲ್ಲದಿದ್ದರೆ ಅರ್ಧ ವರ್ಷ ಹಿಂದಕ್ಕೆ, ಸೀಟು ಇನ್ಯಾರದೋ ಪಾಲಿಗೆ. ಕಾಲೇಜಿನ ಲ್ಯಾಬಿನಲ್ಲಿ ಆ ವಾರ ಬೇರೆಯವರ ಪರೀಕ್ಷೆ. ಹಾಗಾಗಿ ಮೇಡಂ ದೊಡ್ಡ ಮನಸ್ಸು ಮಾಡಿ, ಸಾಮಾನು ಮನೆಗೆ ತೆಗೆದುಕೊಂಡು ಹೋಗು, ಜೋಪಾನ ಎಂದಿದ್ದರಂತೆ.

"ಮನೆಗೆ ಬರ್ತಿದ್ದೀನಿ. ಬಿಸಿನೀರು ಬೇಕು, ತಣ್ಣೀರು ಬೇಕು. ಇನ್ನೇನೂ ಬೇಡ."

"ನೀರು ತಾನೇ? ಬಾರಮ್ಮ," ಎಂದೆ. ಅವಳಿಗೆ ಬಂದದ್ದು ದೊಡ್ಡ ಕಷ್ಟವೇ. ಆದರೂ ಕೇಳಿದ್ದು ನೀರು. ಬೋರ್‌ವೆಲ್ಲಿನಲ್ಲಿ ನೀರಿತ್ತು, ಸಿಲಿಂಡರು ಮೊನ್ನೆಯಷ್ಟೇ ಬಂದಿತ್ತು. ದೇವರು ಕೊಟ್ಟಿದ್ದನ್ನೇ ಮಗಳು ಕೇಳಿದಳಲ್ಲ ಎಂದುಕೊಂಡೆ.

ಗೋಡೆಗೊರಗಿ ಬಿಸಿಲು ಕಾಯಿಸುತ್ತಿದ್ದ ನಮ್ಮತ್ತೆ ಕಣ್ಣು ತೆರೆದರು. "ಬಿಸಿನೀರು ಅಂದಂಗಾಯ್ತಲ್ಲ, ಯಾರಿಗೇ ಹೆರಿಗೆ?"

"ಯಾರಿಗೂ ಇಲ್ಲ ಅತ್ತೆ. ನಿಮ್ಮ ಮೊಮ್ಮಗಳ ಪ್ರಾಜೆಕ್ಟಿಗೆ."

"ಅದೂ ಒಂದು ಹೆರಿಗೇನೇ ಬಿಡು," ಎಂದು ಮತ್ತೆ ಕಣ್ಣು ಮುಚ್ಚಿದರು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮು, ಅದರ ಹಿಂದೆ ನಡುಮನೆ, ದೇವರಮನೆ, ಅಡಿಗೆಮನೆ. ಮಗ್ಗ ಓಡುವಾಗ ಗೂಡಿನಲ್ಲಿಟ್ಟ ಲೋಟಗಳೂ ಜೊತೆಗೆ ತಾಳ ಹಾಕುತ್ತವೆ. ನಮಗೆ ಅದು ಕೇಳಿಸುವುದೇ ಇಲ್ಲ. ಕೇಳಿಸುವುದು ನಿಂತಾಗ ಮಾತ್ರ. ಕರೆಂಟು ಹೋಯಿತೆಂದರೆ ನಮ್ಮ ಮನೆಯದೊಂದೇ ಅಲ್ಲ, ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತು, ಊರಿಗೆ ಊರೇ ಉಸಿರು ಹಿಡಿದ ಹಾಗಾಗುತ್ತದೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗ ಕೈಮಗ್ಗ. ಅವತ್ತಿನಿಂದ ನೂಲು ಸುತ್ತುತ್ತಾ ಬಂದವರು. ಈಗ ಕಣ್ಣು ಮಂಜಾಗಿದೆ. ಆದರೂ ಅವರ ಮುಂದೆ ಸಿಕ್ಕಾದ ದಾರದ ಎಳೆಯೊಂದು ಬಿದ್ದಿದ್ದರೆ ಕೈ ಸುಮ್ಮನಿರುವುದಿಲ್ಲ.

ಮಗಳು ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಎದೆಗವಚಿಕೊಂಡಿದ್ದ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟು ಬಿಚ್ಚಿದಳು. ಕೆಂಪು ಬೆಳಕು ಬಿಡುವ ಪುಟ್ಟ ಲೇಸರು, ದುಂಡು ಬಳೆಗಳಲ್ಲಿ ಕೂರಿಸಿದ ಎರಡು ಕಪ್ಪು ಹಾಳೆ, ಬೆಳಕು ಅಳೆದು ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆಯುವ ಒಂದು ಮೀಟರು, ಒಂದು ಥರ್ಮಾಮೀಟರು. ಕೊನೆಗೆ ಪ್ಲಾಸ್ಟಿಕ್ ಚೀಲದಿಂದ ಒಂದು ಸಡಿಲ ಸುರುಳಿ ತೆಗೆದಳು. ಪಾರದರ್ಶಕ ನೂಲು, ತುದಿಗಳಿಗೆ ಸಣ್ಣ ಟೋಪಿ. ಗಾಜಂತೆ ಅದು. ಗಾಜನ್ನು ಕೂದಲ ಹಾಗೆ ಎಳೆದು ಮೇಲೊಂದು ಲೇಪ ಹಚ್ಚಿದ್ದು. ಅದರೊಳಗೆ ಬೆಳಕು ಓಡುತ್ತದೆ.

ಹೊಸ ಸಾಮಾನು ಮನೆಗೆ ಬಂದರೆ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಅರಿಸಿನ ಕುಂಕುಮ ತಂದೆ.

"ಅಮ್ಮಾ, ಹಾಳೆ ಮೇಲೆ ಇಡ್ಬೇಡ! ಲೇಸರ್ ಮೇಲೂ ಬೇಡ!"

"ಪೆಟ್ಟಿಗೆ ಮುಚ್ಚಳಕ್ಕಾದ್ರೂ ಇಡ್ಲೇನೇ?"

"ಇಡು, ಇಡು. ಅದಕ್ಕೇನಾಗ್ಬೇಕು."

ಮುಚ್ಚಳಕ್ಕೆ ಇಟ್ಟು ಕೈಮುಗಿದೆ. ನಮ್ಮನೆಯವರು ಮಗ್ಗ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. "ಅಲ್ಲ ಕಣಮ್ಮ, ಬಿಸಿನೀರಿಗೂ ಬೆಳಕಿಗೂ ಏನು ಸಂಬಂಧ? ನಮಗೂ ಅರ್ಥ ಆಗೋ ಹಾಗೆ ಒಸಿ ಹೇಳು."

ಮಗಳು ಎದ್ದುಹೋಗಿ ಮಗ್ಗದ ಮನೆಯಿಂದ ಹಳೆಯ ಹಣಿಗೆಯನ್ನು ತಂದಳು. ಹಣಿಗೆ ಎಂದರೆ ಹಾಸಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯುವ ಸಾಧನ, ಬಾಚಣಿಗೆಯ ಹಾಗೆ ಉದ್ದಕ್ಕೂ ಸೀಳುಗಳಿರುತ್ತವೆ. ಒಂದು ಸೀಳಿನಲ್ಲಿ ದಾರ ತೂರಿಸಿ, ಒಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಮೇಲೆ ಕೆಳಗೆ ಆಡಿಸಿದಳು. ಅಲೆ ಸಲೀಸಾಗಿ ಸೀಳು ದಾಟಿತು. ಅಡ್ಡಡ್ಡ ಆಡಿಸಿದಳು. ಹಣಿಗೆಯ ಕಡ್ಡಿಗೆ ಬಡಿದು ಅಲ್ಲೇ ಸತ್ತಿತು.

"ಬೆಳಕೂ ಹಿಂಗೇ ಅಲುಗಾಡ್ತಾ ಹೋಗೋದು ಅಪ್ಪಾ. ಈ ಕಪ್ಪು ಹಾಳೆ ಇದೆಯಲ್ಲ, ಇದೇ ಹಣಿಗೆ. ಒಂದು ದಿಕ್ಕಿಗೆ ಅಲುಗಾಡೋ ಬೆಳಕನ್ನ ಮಾತ್ರ ಬಿಡುತ್ತೆ. ಇದನ್ನ ಧ್ರುವೀಕರಣ ಅಂತಾರೆ. ಮೊದಲ್ನೇ ಹಾಳೆಯಲ್ಲಿ ಬೆಳಕನ್ನ ಒಂದು ದಿಕ್ಕಿಗೆ ಮಾಡಿ ಗಾಜಿನ ನೂಲಿಗೆ ಕಳಿಸ್ತೀನಿ. ಆ ಕಡೆ ಬಂದ್ಮೇಲೆ ದಿಕ್ಕು ಹಂಗೇ ಇದೆಯಾ, ತಿರುಗಿದೆಯಾ ಅಂತ ಎರಡನೇ ಹಾಳೆಯಲ್ಲಿ ನೋಡ್ತೀನಿ."

"ಯಾಕೆ ತಿರುಗ್ತದೆ?"

"ಗಾಜನ್ನ ಒತ್ತಿದ್ರೆ, ಬಿಗಿದ್ರೆ, ಮೇಲೆ ಕೆಳಗೆ ಅಲುಗಾಡೋ ಬೆಳಕು ಒಂದು ವೇಗದಲ್ಲಿ ಹೋಗುತ್ತೆ, ಅಡ್ಡ ಅಲುಗಾಡೋದು ಇನ್ನೊಂದು ವೇಗದಲ್ಲಿ. ಒಂದು ಮುಂದೆ, ಒಂದು ಹಿಂದೆ. ನೀನೂ ಅಮ್ಮನೂ ದೇವಸ್ಥಾನಕ್ಕೆ ಹೋಗ್ತೀರಲ್ಲ, ಹಂಗೆ."

ನಾನು ನಕ್ಕುಬಿಟ್ಟೆ. ನಮ್ಮನೆಯವರು ಯಾವತ್ತೂ ನನ್ನ ಜೊತೆ ನಡೆದವರಲ್ಲ. ಅವರು ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಾನು ಹೂವಿನಂಗಡಿ ಹತ್ತಿರ ಇರುತ್ತೇನೆ.

"ಬಿಸಿಲು ಏರಿದ್ರೆ ನಿಮ್ಮಿಬ್ರ ನಡುವಿನ ದೂರ ಬದಲಾಗುತ್ತಲ್ಲ? ಬಿಸಿ ಆದಾಗ, ತಣ್ಣಗಾದಾಗ ಈ ಎರಡು ಬೆಳಕಿನ ನಡುವಿನ ದೂರ ಎಷ್ಟು ಬದಲಾಗುತ್ತೆ ಅಂತ ಅಳೆಯೋದೇ ನನ್ನ ಪ್ರಾಜೆಕ್ಟು."

"ಅದಕ್ಕೆ ಗಾಜು ಯಾಕೆ ಬೇಕಿತ್ತು? ನನ್ನೇ ಕೇಳಿದ್ರೆ ಹೇಳ್ತಿದ್ದೆ," ಎಂದೆ. ನಮ್ಮನೆಯವರು ಏನೋ ಗೊಣಗಿಕೊಂಡು ಮಗ್ಗಕ್ಕೆ ಹೋದರು.

ಮಗ್ಗ ಶುರುವಾದದ್ದೇ ತಡ, ಲ್ಯಾಪ್‌ಟಾಪಿನ ಪರದೆಯ ಮೇಲಿನ ಗೆರೆ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಮನೆ ಅದುರಿದರೆ ನೂಲೂ ಅದುರುತ್ತದೆ. ಮಗ್ಗ ನಿಲ್ಲಿಸಿ ಎಂದು ಕೇಳಲು ಅವಳಿಗೆ ಮನಸ್ಸಿಲ್ಲ. ಹಬ್ಬದ ಸೀರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡುತ್ತೇನೆಂದು ಅವಳಪ್ಪ ಮಾತು ಕೊಟ್ಟಿದ್ದು ಅವಳಿಗೂ ಗೊತ್ತು. "ಕರೆಂಟು ಹೋಗಲಿ, ಆಗ ಮಾಡ್ತೀನಿ. ಲ್ಯಾಪ್‌ಟಾಪಲ್ಲಿ ಬ್ಯಾಟರಿ ಇದೆ," ಎಂದಳು. ನನ್ನ ಆಯಸ್ಸಿನಲ್ಲಿ ಕರೆಂಟು ಹೋಗಲಿ ಎಂದು ದೇವರ ಮುಂದೆ ಕೇಳಿಕೊಂಡದ್ದು ಅದೇ ಮೊದಲು. ದೇವರು ಕೇಳಿಸಿಕೊಂಡ. ಬಿಸಿಲು ಇಳಿಯುವ ಮೊದಲೇ ಬೀದಿಯ ಮಗ್ಗಗಳೆಲ್ಲ ಒಂದೇ ಸಲಕ್ಕೆ ಬಾಯಿ ಮುಚ್ಚಿದವು.

ಓಡಿಹೋಗಿ ನೀರು ಕಾಯಿಸಿ ತಂದೆ. ಅವರೆಬೇಳೆ ಹಾಕುವ ಅಗಲದ ಸ್ಟೀಲು ಪಾತ್ರೆಯಲ್ಲಿ ಮಗಳು ಸುರುಳಿ ಮುಳುಗಿಸಿ, ಥರ್ಮಾಮೀಟರು ಇಟ್ಟಳು. ನಾನು "ಇನ್ನೊಂದು ಚೊಂಬು ಹಾಕು. ಸಾಕು, ಸಾಕು," ಎಂದು ಹೇಳಿಸಿಕೊಂಡು ಹೇಳಿಸಿಕೊಂಡು ಸುರಿದೆ. ನೀರು ಆರುತ್ತಾ ಬಂತು. ಪರದೆಯ ಗೆರೆ ಮಲಗಿದ್ದು ಮಲಗಿಯೇ ಇತ್ತು. ಒಂದು ಚೂರು ಮೇಲೆ, ಒಂದು ಚೂರು ಕೆಳಗೆ, ಅಷ್ಟೇ. ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

"ಒತ್ತಿದ್ರೆ ಆಗುತ್ತೆ ಅಂದ್ಯಲ್ಲೇ, ನೀನು ಒತ್ತೇ ಇಲ್ವಲ್ಲ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

ಅವಳು ತಲೆ ತಗ್ಗಿಸಿದಳು. ಲ್ಯಾಬಿನಲ್ಲಿ ಎರಡು ತಗಡಿನ ನಡುವೆ ನೂಲು ಇಟ್ಟು ತಿರುಪು ಬಿಗಿಯುತ್ತಿದ್ದಳಂತೆ. ಒಂದು ಸಲ ಟಿಕ್ ಎಂದು ಮುರಿದುಹೋಯಿತಂತೆ. ಎಲ್ಲರ ಎದುರಿಗೆ. ಮೇಡಂ ಬೈಯಲಿಲ್ಲ. ಆದರೆ ಉಳಿದಿರುವುದು ಇದೊಂದೇ ತುಂಡು, ಬೇರೆ ಬರಲು ತಿಂಗಳು ಹಿಡಿಯುತ್ತದೆ ಎಂದು ಹೇಳಿದ್ದರಂತೆ. ಅಂದಿನಿಂದ ಇವಳಿಗೆ ತಿರುಪು ಮುಟ್ಟಲು ಕೈ ಬರುವುದಿಲ್ಲ. ಒತ್ತಿದಂತೆ ಮಾಡುವುದು, ಬಿಡುವುದು.

"ಮುರಿದ್ರೆ ಎಲ್ಲಾ ಮುಗೀತಲ್ಲಮ್ಮಾ."

ಬಿಸಿ ಬಿಸಿ ಮುದ್ದೆ, ಅವರೆಬೇಳೆ ಸಾರು ಬಡಿಸಿದೆ. ಎರಡನೇ ಸಲ ಸಾರು ಹಾಕಿಸಿಕೊಂಡಳು. ಅಷ್ಟರಮಟ್ಟಿಗೆ ಆ ದಿನ ನಾನು ಗೆದ್ದೆ.

ಮರುದಿನ ಬೆಳಿಗ್ಗೆ ಮೀಟರಿನ ಸೆಲ್ಲು ಮುಗಿದಿದೆಯೆಂದು ಅವಳು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ನಾನು ದೇವರಮನೆಯಲ್ಲಿದ್ದೆ. ಹೊರಗೆ ಬಂದಾಗ ನಡುಮನೆಯ ಕಿಟಕಿ ಹತ್ತಿರ ರಾಟೆಯ ಸದ್ದು. ಅತ್ತೆ ಚಕ್ಕಂಬಕ್ಕಲ ಹಾಕಿ ಕೂತು, ಒಂದು ಕೈಯಲ್ಲಿ ರಾಟೆ ತಿರುಗಿಸುತ್ತಾ, ಇನ್ನೊಂದು ಕೈಯ ಎರಡು ಬೆರಳ ನಡುವೆ ಎಳೆ ಹಿಡಿದು, ಕಣ್ಣು ಮುಚ್ಚಿಕೊಂಡು ಸುತ್ತುತ್ತಿದ್ದರು. ಸುತ್ತುತ್ತಿದ್ದದ್ದು ದಪ್ಪನೆಯ ಪ್ಲಾಸ್ಟಿಕ್ ಬಾಬಿನ್ನಿಗೆ. ನೂಲಿನ ತುದಿಗೆ ಸಣ್ಣ ಟೋಪಿ ಇತ್ತು.

"ಅತ್ತೇ! ಏನದು?"

"ಕೂಸಿನ ನೂಲು ಕಣೇ. ಮಂಚದ ಮ್ಯಾಲೆ ಗುಡ್ಡೆ ಬಿದ್ದಿತ್ತು. ಹಂಗೆ ಬಿಟ್ರೆ ಸಿಕ್ಕಾಗಲ್ವಾ? ಬಿಗಿಯಾಗಿ ಸುತ್ತಿಟ್ಟಿವ್ನಿ. ಎಂಥ ನೂಲೋ ಏನೋ, ರೇಷ್ಮೆನೂ ಅಲ್ಲ, ಜರಿನೂ ಅಲ್ಲ. ಆದ್ರೆ ಗಟ್ಟಿ ಐತೆ."

"ಅದು ಗಾಜು ಅತ್ತೆ!"

ಅತ್ತೆಯ ಕೈ ನಿಂತಿತು. "ಗಾಜಾ? ಗಾಜು ಹಿಂಗೆ ಬಗ್ತದಾ? ನೀನೊಬ್ಳು."

ನನ್ನ ಎದೆಯಲ್ಲಿ ಎರಡೂ ಮಗ್ಗ ಒಟ್ಟಿಗೆ ಓಡಿದವು. ಸುತ್ತಿದ್ದನ್ನು ಬಿಚ್ಚಲು ಭಯ, ಹಾಗೇ ಬಿಡಲೂ ಭಯ. ಮನೆದೇವರು ಘಾಟಿ ಸುಬ್ಬಪ್ಪನನ್ನು ನೆನೆದು ಬಾಬಿನ್ನನ್ನು ದೇವರಮನೆಯ ಹೊಸ್ತಿಲ ಮೇಲೆ ಇಟ್ಟೆ. ಇನ್ನೆಲ್ಲಿಡುವುದು?

ಮಗಳು ಬಂದು ನೋಡಿದಳು. "ಅಜ್ಜೀ..." ಎಂದವಳು ನೇರ ಲೇಸರಿನ ಪೆಟ್ಟಿಗೆಗೆ ಕೈಹಾಕಿದಳು. ಅತ್ತೆಯ ಮುಖ ಸಣ್ಣದಾಯಿತು. "ಒಳ್ಳೇದಾಗ್ಲಿ ಅಂತ ಸುತ್ತಿದ್ದು ಕಣವ್ವಾ."

ಮಗಳು ನೂಲಿನ ಒಂದು ತುದಿಗೆ ಲೇಸರು ಜೋಡಿಸಿದಳು. ಇನ್ನೊಂದು ತುದಿಯನ್ನು ಗೋಡೆಯ ಕಡೆ ಹಿಡಿದಳು. ದೇವರಮನೆಯ ಪಕ್ಕದ ಬಿಳಿ ಗೋಡೆಯ ಮೇಲೆ ಬೊಟ್ಟಿನಷ್ಟಗಲದ ಕೆಂಪು ಚುಕ್ಕಿ ಮೂಡಿತು. ಕುಂಕುಮವೇ.

"ಮುರಿದಿಲ್ಲ," ಎಂದಳು. ನನ್ನ ಕಡೆ ತಿರುಗಿ, "ಅಮ್ಮಾ, ಮುರಿದಿಲ್ಲ!"

ನಾನು ಹೋಗಿ ದೀಪಕ್ಕೆ ಎರಡು ಹನಿ ಎಣ್ಣೆ ಹೆಚ್ಚಿಗೆ ಹಾಕಿ ಬಂದೆ.

ಬಿಚ್ಚುವ ಧೈರ್ಯ ಅವಳಿಗೂ ಇರಲಿಲ್ಲ. ಸಂಜೆ ಕರೆಂಟು ಹೋದಾಗ, ಹೇಗೂ ಹೀಗಾಗಿದೆ, ಹಾಗೇ ನೋಡೋಣ ಎಂದು ಬಾಬಿನ್ನು ಸಮೇತ ಪಾತ್ರೆಗೆ ಇಳಿಸಿದಳು. ನಾನು ಬಿಸಿನೀರು ಸುರಿದೆ. ಮೀಟರು ಜೋಡಿಸುವ ಮೊದಲು ಬೆಳಕು ಸರಿಯಾಗಿ ಬರುತ್ತಿದೆಯಾ ಎಂದು ಎರಡನೇ ಕಪ್ಪು ಹಾಳೆಯ ಮೂಲಕ ಗೋಡೆಗೆ ಬಿಟ್ಟು ನೋಡಿದಳು. ನಾವೆಲ್ಲ ನೋಡುತ್ತಿದ್ದ ಹಾಗೆ ಆ ಚುಕ್ಕಿ ಮಂಕಾಯಿತು. ಇನ್ನೂ ಮಂಕಾಗಿ ಕಾಣದೇ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟಿ, ಕೆಂಡದ ಹಾಗೆ ಉರಿದು, ಮತ್ತೆ ಮಂಕಾಯಿತು.

ಮಗ್ಗ ನಿಂತದ್ದಕ್ಕೆ ಕೈ ಒರೆಸಿಕೊಳ್ಳುತ್ತಾ ಬಂದ ನಮ್ಮನೆಯವರು ಅಲ್ಲೇ ನಿಂತರು. ಬೀದಿಯಲ್ಲಿ ಸದ್ದಿಲ್ಲ. ನೀರು ಆರುತ್ತಾ ಇದೆ, ಗೋಡೆಯ ಮೇಲೆ ಚುಕ್ಕಿ ಹುಟ್ಟುತ್ತಾ ಸಾಯುತ್ತಾ ಇದೆ.

"ಉಸಿರಾಡ್ತಾ ಐತಲ್ಲೇ!" ಎಂದರು ಅತ್ತೆ. ಅವರ ಮಂಜು ಕಣ್ಣಿಗೂ ಅದು ಕಂಡಿತ್ತು.

ಬೆಳಕು ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಎಲ್ಲಿಗೂ ಹೋಗಿಲ್ಲ, ದಿಕ್ಕು ತಿರುಗಿಸಿಕೊಂಡಿದೆ ಎಂದು ಮಗಳು ಕಪ್ಪು ಹಾಳೆಯ ಬಳೆಯನ್ನು ಕಾಲುಸುತ್ತು ತಿರುಗಿಸಿದಳು. ಕಾಣದಿದ್ದ ಚುಕ್ಕಿ ಜಗ್ಗನೆ ಕಂಡಿತು. ಘಾಟಿಯ ಗರ್ಭಗುಡಿ ನೆನಪಾಯಿತು ನನಗೆ. ಅಲ್ಲಿ ಒಂದೇ ಕಲ್ಲು. ಎದುರಿಗೆ ಸುಬ್ಬಪ್ಪ, ಬೆನ್ನಿಗೆ ನರಸಿಂಹ. ಹಿಂದಿರುವ ಸ್ವಾಮಿ ಕಾಣಲಿ ಎಂದು ಕನ್ನಡಿ ಇಟ್ಟಿದ್ದಾರೆ. ಕಾಣದಿದ್ದರೆ ಇಲ್ಲ ಎಂದಲ್ಲ, ನಾವು ನೋಡುವ ಕಡೆಗೆ ಇಲ್ಲ ಅಷ್ಟೇ. ಇಷ್ಟು ವರ್ಷ ಆ ಕನ್ನಡಿಗೆ ಕೈಮುಗಿದು ಬಂದ ನನಗೆ, ಮಗಳ ಕಪ್ಪು ಹಾಳೆ ಏನೂ ಅಪರಿಚಿತ ಎನ್ನಿಸಲಿಲ್ಲ.

"ನಿನ್ನೆ ಯಾಕೆ ಹಿಂಗೆ ಆಗ್ಲಿಲ್ಲ?" ಎಂದರು ನಮ್ಮನೆಯವರು.

ಅವಳಿಗೆ ಆಗಲೇ ಹೊಳೆದಿತ್ತು. ನನ್ನ ಕೈ ಹಿಡಿದು ಬಳೆ ತೋರಿಸಿದಳು. "ಅಮ್ಮಾ, ಬೇಸಿಗೇಲಿ ನಿನ್ನ ಬಳೆ ಬಿಗಿ ಆಗುತ್ತಲ್ಲ, ಯಾಕೆ?"

"ಕೈ ಊದ್ಕೊಳ್ತದೆ."

"ಬಳೆ?"

"ಬಳೆ ಯಾಕೆ ಊದ್ಕೊಳ್ತದೆ?"

"ಅದೇ! ಬಾಬಿನ್ ಪ್ಲಾಸ್ಟಿಕ್, ಬಿಸಿಗೆ ಹಿಗ್ಗುತ್ತೆ. ಗಾಜು ಅಷ್ಟು ಹಿಗ್ಗಲ್ಲ. ಅಜ್ಜಿ ಬಿಗಿಯಾಗಿ ಸುತ್ತಿದ್ರಿಂದ ನೂಲು ಮೊದಲೇ ಎಳೆದಂಗಿತ್ತು, ಬಿಸಿ ಆದಾಗ ಇನ್ನೂ ಬಿಗಿಯಾಯ್ತು. ತಣ್ಣಗಾಗ್ತಾ ಸಡಿಲ ಆಗ್ತಿದೆ. ನಾನು ಸಡಿಲ ಸುರುಳಿ ಮುಳುಗಿಸಿದ್ದೆ, ದೊಗಳೆ ಬಳೆ ಥರ. ಅದಕ್ಕೆ ಬಿಸಿನೂ ಒಂದೇ, ತಣ್ಣಗಿರೋದೂ ಒಂದೇ."

ಅತ್ತೆ ಮುಖ ಮತ್ತೆ ಅಗಲವಾಯಿತು. "ನಾನು ಅಂದಿಲ್ವಾ, ಗುಡ್ಡೆ ಬಿಡಬಾರ್ದು ಅಂತ?"

ಮೀಟರು ಜೋಡಿಸಿ ಗೆರೆಯನ್ನೂ ನೋಡಿಕೊಂಡ ಮೇಲೆ ಮಗಳು ಅಲ್ಲೇ ಕೂತು ಮೇಡಂಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಅವರ ದನಿ ನಮಗೂ ಕೇಳುತ್ತಿತ್ತು. ಗೆರೆ ಅಲೆ ಅಲೆಯಾಗಿ ಬಂದಿದೆ ಎಂದಾಗ ಅವರಿಗೂ ಖುಷಿಯಾಯಿತು. ಆಮೇಲೆ ಕೇಳಿದರು, "ಎಷ್ಟು ಬಿಗಿಯಲ್ಲಿ ಸುತ್ತಿದೆ? ಎಷ್ಟು ಗ್ರಾಂ?"

"ಅದು... ನಮ್ಮಜ್ಜಿ ಕೈಯಲ್ಲಿ ಸುತ್ತಿದ್ದು ಮೇಡಂ."

ಆ ಕಡೆಯಿಂದ ಮೊದಲು ಒಂದು "ಆಂ?" ಬಂತು. ಆಮೇಲೆ ದೊಡ್ಡ ನಗು. "ಸರಿ ಕಣಮ್ಮ, ವರದಿಯಲ್ಲಿ ಅಜ್ಜಿ ಕೈ ಅಂತ ಬರೆಯೋಕಾಗುತ್ತಾ? ಗೊತ್ತಿರೋ ತೂಕ ಕಟ್ಟಿ ನೀನೇ ಸುತ್ತು. ಕಡಿಮೆ ಬಿಗಿ, ಹೆಚ್ಚು ಬಿಗಿ, ಇನ್ನೂ ಹೆಚ್ಚು. ಬಿಗಿ ಜಾಸ್ತಿಯಾದ ಹಾಗೆ ಏನಾಗುತ್ತೆ ಅಂತ ತೋರಿಸು. ಆಗ ಸಹಿ ಹಾಕ್ತೀನಿ."

ಫೋನು ಇಟ್ಟಮೇಲೆ ಅವಳ ಖುಷಿ ಅರ್ಧಕ್ಕೆ ಇಳಿಯಿತು. ಅಜ್ಜಿ ತಿಳಿಯದೆ ಮಾಡಿದ್ದನ್ನು ಇವಳು ತಿಳಿದು ಮಾಡಬೇಕು. ಇದ್ದ ಒಂದೇ ತುಂಡನ್ನು ತನ್ನ ಕೈಯಿಂದಲೇ ಎಳೆಯಬೇಕು. ಒಂದು ಸಲವಲ್ಲ, ಪ್ರತಿ ಸಲವೂ ಇನ್ನಷ್ಟು ಜೋರಾಗಿ.

ಮಾರನೆಯ ದಿನ ಭಾನುವಾರ. ತೂಕಕ್ಕೇನು ಮಾಡುವುದು ಎಂದಾಗ ನಮ್ಮನೆಯವರು ಮಗ್ಗದ ಡಬ್ಬಿಯಿಂದ ಹಳೆಯ ನಟ್ಟುಗಳನ್ನು ಆರಿಸಿ, ಬಟ್ಟೆಯ ಪುಟ್ಟ ಗಂಟುಗಳಾಗಿ ಕಟ್ಟಿ, ತೂಗಿಸಿಕೊಂಡು ಬರಲು ಚಿನ್ನದಂಗಡಿಗೆ ಹೋದರು. ಗ್ರಾಮು ಗ್ರಾಮು ತೂಗುವ ತಕ್ಕಡಿ ಅಲ್ಲೇ ಇರುವುದು. ಅಂಗಡಿಯವನು ಗಂಟು ಬಿಚ್ಚಿ ನೋಡಿ, "ಏನ್ ಯಜಮಾನ್ರೇ, ಚಿನ್ನ ಎಲ್ಲಾ ಮುಗೀತಾ? ಕಬ್ಬಿಣ ಅಡ ಇಡೋಕೆ ಬಂದ್ರಾ?" ಎಂದನಂತೆ. ಇವರು ಬಂದು ಅದನ್ನು ನಾಲ್ಕು ಸಲ ಹೇಳಿಕೊಂಡು ನಕ್ಕರು.

ಆದರೆ ಅವತ್ತು ಕರೆಂಟು ಹೋಗಲೇ ಇಲ್ಲ. ಹೋಗಬೇಡ ಎಂದಾಗ ಹೋಗುವ ಕರೆಂಟು, ಹೋಗು ಎಂದಾಗ ಕಂಬಕ್ಕೆ ಅಂಟಿಕೊಂಡು ಕೂತಿತ್ತು. ಮಧ್ಯಾಹ್ನವಾಯಿತು. ಮಗಳು ಒಂದು ಸಲ ಪರದೆ ನೋಡುತ್ತಾಳೆ, ಒಂದು ಸಲ ಬಾಗಿಲು ನೋಡುತ್ತಾಳೆ. ಮಗ್ಗ ಓಡುತ್ತಲೇ ಇತ್ತು.

ನಾನು ಕಾಫಿ ಲೋಟ ಹಿಡಿದುಕೊಂಡು ಮಗ್ಗದ ಹತ್ತಿರ ಹೋದೆ. "ರೀ..." ಎಂದೆ ಅಷ್ಟೇ. ಅವರು ಕಾಫಿ ಕುಡಿದರು. ಅರ್ಧಕ್ಕೆ ನಿಂತ ಸೀರೆಯನ್ನು ನೋಡಿದರು. ಆಮೇಲೆ ಕೈಚಾಚಿ ಸ್ವಿಚ್ಚು ಆರಿಸಿದರು, ಎರಡೂ ಮಗ್ಗದ್ದು. ಪಕ್ಕದ ಮನೆಗೂ ಹೋಗಿ, ಸಂಜೆವರೆಗೆ ಒಂದಿಷ್ಟು ಹೊತ್ತು ನಿಲ್ಲಿಸಪ್ಪಾ ಎಂದು ಕೇಳಿಕೊಂಡು ಬಂದರು.

ಪಕ್ಕದ ಮನೆಯವನು ನಿಲ್ಲಿಸಿದ. ಆದರೆ ಗಾಬರಿಯಾಗಿ ಹಿಂದೆಯೇ ಓಡಿ ಬಂದ. ನಮ್ಮ ಬೀದಿಯಲ್ಲಿ ಕರೆಂಟು ಇರುವಾಗ ಮಗ್ಗ ನಿಂತಿತೆಂದರೆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಅಕ್ಕಾ, ಅಜ್ಜಿ ಏನಾದ್ರೂ..." ಎಂದ.

"ನಾನಿನ್ನೂ ಇವ್ನಿ ಕಣಪ್ಪಾ!" ಒಳಗಿನಿಂದ ಅತ್ತೆ ಕೂಗಿದರು. "ಮೊನ್ನೆ ನಮ್ಮನೇಲಿ ಹೆರಿಗೆ ಅಂದ್ಕೊಂಡೆ ನಾನು, ಇವತ್ತು ಸಾವು ಅಂತೀಯಾ ನೀನು! ಬಾ, ಕಾಫಿ ಕುಡ್ದು ಹೋಗು."

ನಗುವಿನ ನಡುವೆಯೇ ಮಗಳು ರಾಟೆಯ ಮುಂದೆ ಕೂತಳು. ಅಜ್ಜಿ ಸುತ್ತಿದ್ದನ್ನು ಮೆಲ್ಲಗೆ ಬಿಚ್ಚಿ, ನೂಲನ್ನು ಒಂದು ಮೊಳೆಯ ಮೇಲಿಂದ ಇಳಿಬಿಟ್ಟು, ತೂಗಾಡುವ ತುದಿಗೆ ಮೊದಲ ಗಂಟು ಕಟ್ಟಿದಳು. ಸಣ್ಣ ಗಂಟು. ರಾಟೆಯ ಹಿಡಿಕೆ ಮುಟ್ಟಿದವಳು ತಿರುಗಿಸಲಿಲ್ಲ.

"ಅಜ್ಜಿ, ನೀನೇ ಸುತ್ತಿಕೊಡು," ಎಂದಳು.

"ನಾನು ಮುಟ್ಟಾಕಿಲ್ಲ ಕಣವ್ವಾ. ನಿಮ್ ಮೇಡಂ ನನ್ ಕೈ ಬ್ಯಾಡ ಅಂದವ್ರೆ."

"ಮುರಿದ್ರೆ?"

"ಮುರಿದ್ರೆ ನೀನು ಮುರಿದೆ ಅಂತ ಆಯ್ತದೆ. ಮುಟ್ದೇ ಇದ್ರೆ ಹೆದರಿಕೊಂಡೆ ಅಂತ ಆಯ್ತದೆ. ಯಾವ್ದು ಬೇಕೋ ತಗೋ."

ಅತ್ತೆ ಹೀಗೆಯೇ. ಮುದ್ದು ಮಾಡುವಾಗಲೂ ಚುಚ್ಚಿಯೇ ಮಾಡುವುದು. ಮಗಳು ಮೂಗೊರೆಸಿಕೊಂಡು ರಾಟೆ ತಿರುಗಿಸಿದಳು. ಗಂಟು ಗಾಳಿಯಲ್ಲಿ ತೂಗುತ್ತಾ ಮೆಲ್ಲಗೆ ಮೇಲೇರಿತು. ನೂಲು ಬಾಬಿನ್ನಿಗೆ ಸುತ್ತಿಕೊಂಡಿತು. ನಾನು ಬಿಸಿನೀರು ಸುರಿದೆ. ಮೀಟರಿನಿಂದ ಗೆರೆ ಎದ್ದು ಬಂತು, ಸಣ್ಣ ಅಲೆ. ನಡುಗಲಿಲ್ಲ. ಬಿಚ್ಚಿ, ಎರಡನೆಯ ಗಂಟು. ಅಲೆಗಳು ಹತ್ತಿರ ಹತ್ತಿರ ಬಂದವು.

ಮೂರನೆಯ ಗಂಟು ದಪ್ಪದ್ದು. ಅದನ್ನು ಕಟ್ಟುವಾಗ ಅವಳ ಕೈ ಮತ್ತೆ ನಿಂತಿತು. ಎರಡು ಸಾಕೇನೋ ಎಂದು ಗೊಣಗಿದಳು. ನಾನು ಒಳಗೊಳಗೇ ಸುಬ್ಬಪ್ಪನಿಗೆ ಹೇಳಿದೆ: ಮುರಿಯದ ಹಾಗೆ ಮಾಡು ಎಂದು ಕೇಳುವುದಿಲ್ಲ, ಅವಳ ಕೈ ಮುಂದಕ್ಕೆ ಹೋಗುವ ಹಾಗೆ ಮಾಡು ಸಾಕು.

ಅವಳು ಗಂಟು ಬಿಟ್ಟಳು. ನೂಲು ಸೆಟೆದು ನಿಂತಿತು. ಟಿಕ್ ಎನ್ನಲಿಲ್ಲ. ರಾಟೆ ತಿರುಗಿತು, ಒಂದು ಸುತ್ತು, ಇನ್ನೊಂದು ಸುತ್ತು. ಪೂರ್ತಿ ಸುತ್ತಿ ಮುಗಿಸುವವರೆಗೆ ನಮ್ಮಲ್ಲಿ ಯಾರೂ ಎಂಜಲು ಕೂಡ ನುಂಗಿರಲಿಲ್ಲ ಎನ್ನಿಸುತ್ತದೆ. ನೀರು ಸುರಿದೆ. ಪರದೆಯ ಮೇಲೆ ಅಲೆಯ ಮೇಲೆ ಅಲೆ, ಕೂಸಿನ ಕುಲಾವಿಯ ಅಂಚಿನ ನೆರಿಗೆಯ ಹಾಗೆ ಒತ್ತೊತ್ತಾಗಿ ಬಂದವು. ಸಡಿಲವಿದ್ದಾಗ ಮಲಗಿದ್ದ ಗೆರೆ, ಬಿಗಿಯಾದಾಗ ಕುಣಿಯಿತು.

"ಬಿಗಿ ಜಾಸ್ತಿಯಾದಷ್ಟೂ ಬಿಸಿಯನ್ನ ಚೆನ್ನಾಗಿ ಗುರುತು ಹಿಡಿಯುತ್ತೆ," ಎಂದಳು ಮಗಳು ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ.

ನಮ್ಮನೆಯವರು ಎದ್ದು ಹೋಗಿ ಮಗ್ಗ ಹಾಕಿದರು. ಲೋಟಗಳು ತಾಳ ಹಾಕಿದವು. ಪಕ್ಕದ ಮನೆಯದೂ ಶುರುವಾಯಿತು. ಅವತ್ತು ಆ ಸದ್ದು ಮಂಗಳವಾದ್ಯದ ಹಾಗೆ ಕೇಳಿಸಿತು.

ಸೋಮವಾರ ನಸುಕಿನಲ್ಲೇ ಎದ್ದು, ಹುಗ್ಗಿ ತಿಂದು, ಪೆಟ್ಟಿಗೆ ಎದೆಗವಚಿಕೊಂಡು ಮೊದಲ ಬಸ್ಸಿಗೆ ಹೋದಳು. ಬಾಬಿನ್ನೂ ಅವಳ ಜೊತೆಗೆ ಹೋಯಿತು. ನಾನು ಆ ಅಗಲದ ಸ್ಟೀಲು ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಫೋನು ಬಂತು. ಮತ್ತೆ ಗೆಣ್ಣಿನಿಂದಲೇ ಒತ್ತಿದೆ.

"ಅಮ್ಮಾ, ಹಾಕಿದ್ರು!"

ಅವಳಿಗೆ ಅಳು, ನನಗೆ ನಗು. ಅತ್ತೆ ಗೋಡೆಯ ಬಿಸಿಲಿನಲ್ಲಿ ಕಣ್ಣು ತೆರೆದರು. "ಏನಂತೆ?"

"ಮೇಡಂ ಸಹಿ ಹಾಕಿದ್ರಂತೆ ಅತ್ತೆ."

"ನನ್ ಬಾಬಿನ್ನು?"

ಮಗಳು ಆ ಕಡೆಯಿಂದ ಕೇಳಿಸಿಕೊಂಡು ನಕ್ಕಳು. "ಅಜ್ಜಿಗೆ ಹೇಳು, ಮೇಡಂ ಆ ಬಾಬಿನ್ನನ್ನ ಲ್ಯಾಬಲ್ಲೇ ಇಟ್ಕೊಳ್ತಾರಂತೆ. ಮುಂದಿನ ವರ್ಷದ ಹುಡುಗ್ರಿಗೆ ತೋರಿಸೋಕೆ."

"ಇಟ್ಕೊಳ್ಲಿ ಬಿಡು," ಎಂದರು ಅತ್ತೆ, ದೊಡ್ಡ ಮನಸ್ಸಿನಿಂದ. "ಆದ್ರೆ ಅದಕ್ಕೆ ಬದ್ಲಿ ಒಂದು ತರೋಕೆ ಹೇಳು. ನನ್ ಕೈ ಬರಿದಾಗೈತೆ."

ಫೋನು ಇಟ್ಟು ದೇವರಮನೆಗೆ ಹೋಗಿ ಬಂದೆ. ಸುಬ್ಬಪ್ಪನಿಗೆ ಹೇಳುವುದು ಬಹಳವಿತ್ತು, ಆದರೆ ಹೆಚ್ಚು ಹೇಳಲಿಲ್ಲ. ಅವನೂ ಆ ಕೋಣೆಯ ಪಕ್ಕದಲ್ಲೇ ಇದ್ದವನು, ಎಲ್ಲ ನೋಡಿದ್ದಾನೆ. ಸಾಸಲಿನ ಚೀಲದಲ್ಲಿ ಇನ್ನೂ ಕಾಯಿ ಉಳಿದಿತ್ತು. ಸುಲಿದು, ಕಾಳು ತೊಳೆದು, ಉಜ್ಜಿದ ಆ ಪಾತ್ರೆಯಲ್ಲೇ ನೀರು ಹಾಕಿ ನಾಳೆಗೆ ನೆನೆಯಿಟ್ಟೆ.